ಕೆರೆ ಒಂದೇ, ಹಕ್ಕುದಾರರು ಹಲವರು

ಬೆಂಗಳೂರಿನ ಹೊರವಲಯದಲ್ಲಿ ಕೆರೆಯೊಂದರ ಹೂಳೆತ್ತುವ ಕಾಮಗಾರಿ ಆರಂಭವಾದೊಡನೆ ದೋಣಿವಿಹಾರ, ಜಲಕ್ರೀಡೆಗಳ ಮಾತೂ ತೇಲಿಬರುತ್ತದೆ. ಆದರೆ ಇರುವ ನೀರನ್ನು ಯಾರು, ಯಾವಾಗ, ಎಷ್ಟು ಬಳಸಬೇಕೆಂಬ ಪ್ರಶ್ನೆಗೆ ಇಂದಿಗೂ ಸ್ಪಷ್ಟ ಉತ್ತರವಿಲ್ಲ.

ಹಿಂದೊಮ್ಮೆ ದೊರೆತ ಉತ್ತರ ಗುತ್ತಿಗೆಯದು. 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ, ಅಗರ ಕೆರೆಗಳ ಜೊತೆಗೆ ವೈಟ್‌ಫೀಲ್ಡ್ ಹಾದಿಯಲ್ಲಿರುವ ಕೆ.ಆರ್. ಪುರದ ವೆಂಗಯ್ಯನ ಕೆರೆಯನ್ನೂ ಖಾಸಗಿ ಸಂಸ್ಥೆಗಳಿಗೆ ವಹಿಸಿತು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ವರದಿ ನೀಡಿತು. 2012ರಲ್ಲಿ ನ್ಯಾಯಾಲಯ ಕೆರೆಗಳ ಸಂರಕ್ಷಣೆಯ ಪರವಾಗಿ ಆದೇಶವಿತ್ತಿತು. ಕೆರೆ ಸಾರ್ವಜನಿಕರದು ಎಂಬ ತತ್ತ್ವ ಗೆದ್ದಿತಾದರೂ ಸಾರ್ವಜನಿಕರು ಅದನ್ನು ತಮ್ಮೊಳಗೆ ಹಂಚಿಕೊಳ್ಳುವ ಬಗೆ ಮಾತ್ರ ತೀರ್ಮಾನವಾಗಲಿಲ್ಲ.

ಜಲಕ್ರೀಡೆಗಳೆಲ್ಲ ಒಂದೇ ಬಗೆಯವಲ್ಲ. ಹುಟ್ಟುಹಾಕುವ ಸ್ಪರ್ಧೆಗೆ ಅಲೆಯಿಲ್ಲದ, 2000 ಮೀಟರ್ ಉದ್ದದ ನೇರ ನೀರು ಬೇಕು. ಹಾಯಿದೋಣಿಗೆ ಗಾಳಿಯೂ ತಿರುಗಲು ವಿಶಾಲ ಜಾಗವೂ ಬೇಕು. ಮೋಟಾರು ದೋಣಿ ಎಬ್ಬಿಸುವ ಅಲೆ ಇವೆರಡಕ್ಕೂ ತೊಡಕು. ದಡದ ಜೊಂಡಿನಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಹಾನಿ. ಇದರ ಮೇಲೆ ಮೀನುಗಾರರ ಬಲೆಗಳಿವೆ.

ಆದರೂ ಹಂಚಿಕೆ ಅಸಾಧ್ಯವೇನಲ್ಲ. ಸುಮಾರು 50 ಹೆಕ್ಟೇರ್ ವಿಸ್ತಾರದ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಯೋಧರು ಹಾಯಿದೋಣಿಯ ತರಬೇತಿ ಪಡೆದಿದ್ದಾರೆ. ಸಾರ್ವಜನಿಕರು ದೋಣಿವಿಹಾರವನ್ನೂ ಕಂಡಿದ್ದಾರೆ. ಗಣೇಶ ವಿಸರ್ಜನೆಗೆ ಪಕ್ಕದಲ್ಲೇ ಪ್ರತ್ಯೇಕ ಕಲ್ಯಾಣಿಯಿದೆ. ಒಂದೊಂದು ಬಳಕೆಗೆ ಒಂದೊಂದು ಜಾಗ ಗೊತ್ತುಮಾಡಿದರೆ ಜಗಳ ತಗ್ಗುತ್ತದೆಂಬುದಕ್ಕೆ ಈ ಕಲ್ಯಾಣಿಯೇ ಸಾಕ್ಷಿ. ಸಮಯವನ್ನೂ ಹಾಗೆಯೇ ಹಂಚಬಹುದು: ಗಾಳಿ ಕಡಿಮೆಯಿರುವ ಮುಂಜಾವು ಹುಟ್ಟುಹಾಕುವವರಿಗೆ, ಗಾಳಿ ಏಳುವ ಮಧ್ಯಾಹ್ನ ಹಾಯಿಯವರಿಗೆ.

ವಿಸ್ತಾರದ ಕೊರತೆಯೂ ಎಲ್ಲೆಡೆ ಇಲ್ಲ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಎಚ್‌ಎಎಲ್‌ಗೆ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲಿನಾ ಜಲವಿಮಾನಗಳೇ ಇಳಿಯುತ್ತಿದ್ದವು. ಅದೇ ಕೆರೆ 2015ರಲ್ಲಿ ರಸ್ತೆಗೆ ನೊರೆ ಉಕ್ಕಿಸಿತು. 2017 ಮತ್ತು 2018ರಲ್ಲಿ ಬೆಂಕಿ ಕಾರಿತು. ಸಂಸ್ಕರಿಸದ ಕೊಳಚೆ ನೀರು ಹರಿದುಬರುವವರೆಗೆ ಅಲ್ಲಿ ಯಾವ ಕ್ರೀಡೆಯ ಮಾತೂ ಅಪಹಾಸ್ಯವೇ. ಮೊದಲ ಹಕ್ಕು ನೀರಿನದು. ಆಟಗಾರರ ಸರದಿ ಆಮೇಲೆ.

ಹೀಗಾಗಿ ಕೆರೆಗಳನ್ನು ಜನರಿಗೆ ತೆರೆಯುವ ಮೊದಲೇ ನಿಯಮ ರೂಪುಗೊಳ್ಳಬೇಕು. ಹಕ್ಕಿಗಳಿಗೆ ಮೀಸಲಾದ ಭಾಗ ಯಾವುದು, ಮೀನುಗಾರರ ವೇಳೆ ಯಾವುದು, ಯಾವ ದೋಣಿಗೆ ಪ್ರವೇಶ, ಶುಲ್ಕವೆಷ್ಟು ಎಂಬುದನ್ನು ಏರಿಯ ಮೇಲೆ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ಅದನ್ನು ತೀರ್ಮಾನಿಸುವ ಸಭೆಯಲ್ಲಿ ಟೆಕ್ ಪಾರ್ಕುಗಳ ಪ್ರತಿನಿಧಿಗಳಷ್ಟೇ ಅಲ್ಲದೆ ಹಳೆಯ ಊರುಗಳ ಜನರೂ ಇರಬೇಕು. ಬರೆದಿಟ್ಟ ನಿಯಮವಿಲ್ಲದ ಕಡೆ ಕೆರೆ ಕೊನೆಗೆ ಹೆಚ್ಚು ಹಣ ತೆರುವವರ ಪಾಲಾಗುತ್ತದೆ. ಆ ಪಾಠಕ್ಕೆ ಬೆಂಗಳೂರು ಈಗಾಗಲೇ ಒಮ್ಮೆ ಬೆಲೆ ತೆತ್ತಿದೆ.