ರೋಹಿಣಿ ಎಲ್ಲಿರುತ್ತಾಳೆ?

ಆಕಾಶ ನೋಡುವ ಹವ್ಯಾಸದವರಿಗೆ ಮೋಡದಂಥ ವೈರಿ ಇನ್ನೊಂದಿಲ್ಲ. ತಿಂಗಳ ಮೊದಲೇ ದಿನ ಗೊತ್ತು ಮಾಡಿ, ದುರ್ಬೀನು ಒರೆಸಿ, ಕಂಬಳಿ ಹೊದ್ದು ಮಾಳಿಗೆ ಹತ್ತಿದರೆ ಮೇಲೆ ಬೂದಿ ಬಳಿದಂಥ ಆಕಾಶ. ಡಿಸೆಂಬರ್‌ನಲ್ಲಂತೂ ದೂರದ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇತ್ತ ಧಾರವಾಡದ ಕಡೆಗೂ ಮೋಡ ಬಂದು ಕೂರುತ್ತದೆ. ಅಂಥ ರಾತ್ರಿ ಎದ್ದು ಮನೆಗೆ ಹೋಗುವ ಬದಲು ಹವ್ಯಾಸಿಗಳು ಆಡುವ ಒಂದು ಆಟವಿದೆ. ಹೆಸರು ಬೇಕೆಂದರೆ ಖಗೋಳ ರಸಪ್ರಶ್ನೆ ಎನ್ನಿ. ಖರ್ಚಿಲ್ಲ, ಸಲಕರಣೆ ಬೇಕಿಲ್ಲ. ನಾಲ್ಕು ಜನ ಕೂತು ಮಾತಾಡಲು ಜಾಗವಿದ್ದರೆ ಸಾಕು.

ನಿಯಮಗಳೂ ಸರಳ. ಒಬ್ಬರು ಪ್ರಶ್ನೆ ಕೇಳುತ್ತಾರೆ. ಯಾರು ಸರಿಯಾದ ಉತ್ತರ ಕೊಟ್ಟರೋ ಮುಂದಿನ ಪ್ರಶ್ನೆ ಅವರದು. ಪುಸ್ತಕ ತೆರೆಯುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ಇದರ ಜೊತೆಗೆ ಇನ್ನೊಂದು ನಿಯಮವನ್ನು ಸೇರಿಸಿಕೊಂಡರೆ ಆಟದ ರುಚಿಯೇ ಬೇರೆಯಾಗುತ್ತದೆ: ಪ್ರಶ್ನೆ ಕೇಳಿದವರಿಗೆ ಉತ್ತರದ ಜೊತೆ 'ಅದು ಹೇಗೆ' ಎಂಬುದೂ ಗೊತ್ತಿರಬೇಕು. ಇಲ್ಲವಾದರೆ ಪ್ರಶ್ನೆಯೇ ರದ್ದು.

ಈ ಕಡೆಯ ನಿಯಮ ಯಾಕೆ ಬೇಕು ನೋಡಿ. ಶನಿಗ್ರಹಕ್ಕೆ ಎಷ್ಟು ಉಪಗ್ರಹಗಳು? 1990ರ ದಶಕದ ರಸಪ್ರಶ್ನೆ ಪುಸ್ತಕ ತೆಗೆದರೆ 18 ಎಂದಿರುತ್ತದೆ. ಆಗ ಅದು ಸರಿಯೇ. ಆಮೇಲೆ ದೊಡ್ಡ ದೂರದರ್ಶಕಗಳೂ ಸೂಕ್ಷ್ಮವಾದ ಕ್ಯಾಮೆರಾಗಳೂ ಬಂದವು. ಸಣ್ಣಪುಟ್ಟ ಕಲ್ಲುಗುಂಡುಗಳೂ ಕಣ್ಣಿಗೆ ಬಿದ್ದವು. 2025ರ ಮಾರ್ಚ್‌ನಲ್ಲಿ ಒಮ್ಮೆಗೇ 128 ಹೊಸ ಉಪಗ್ರಹಗಳನ್ನು ಪಟ್ಟಿಗೆ ಸೇರಿಸಿದಾಗ ಸಂಖ್ಯೆ 274 ಆಯಿತು. ಹಾಗಾಗಿ 'ಎಷ್ಟು' ಎಂದು ಕೇಳುವವರು 'ಯಾವ ವರ್ಷದ ಲೆಕ್ಕ' ಎಂದೂ ಹೇಳಬೇಕಾಗುತ್ತದೆ. ಗ್ರಹಗಳೆಷ್ಟು ಎಂಬ ಪ್ರಶ್ನೆಯೇ 2006ರ ಆಗಸ್ಟ್‌ನಲ್ಲಿ ತಲೆಕೆಳಗಾಯಿತಲ್ಲ! ಅಪ್ಪ ಶಾಲೆಯಲ್ಲಿ ಒಂಬತ್ತು ಎಂದು ಕಲಿತಿದ್ದಾನೆ, ಮಗಳು ಎಂಟು ಎನ್ನುತ್ತಾಳೆ. ಇಬ್ಬರೂ ಕಲಿತದ್ದನ್ನೇ ಹೇಳುತ್ತಿದ್ದಾರೆ.

ಕೆಲವು ಪ್ರಶ್ನೆಗಳಲ್ಲಿ ಬೇಕೆಂದೇ ಗುಂಡಿ ತೋಡಿರುತ್ತಾರೆ. ನಮಗೆ ಅತಿ ಹತ್ತಿರದ ನಕ್ಷತ್ರ ಯಾವುದು ಎಂದರೆ ಓದಿಕೊಂಡು ಬಂದವರು ಥಟ್ಟನೆ ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ಎನ್ನುತ್ತಾರೆ. ಎದುರು ಕೂತ ಆರನೇ ತರಗತಿಯ ಹುಡುಗಿ ಸೂರ್ಯ ಎಂದು ಗೆಲ್ಲುತ್ತಾಳೆ. ಆರ್ಯಭಟ ಉಪಗ್ರಹ ಭಾರತದ ಯಾವ ಊರಿನಿಂದ ಹಾರಿತು? ಯಾವ ಊರಿನಿಂದಲೂ ಅಲ್ಲ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಅದು ಮೇಲೇರಿದ್ದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ. ಯೂರಿ ಗಗಾರಿನ್ 1961ರ ಏಪ್ರಿಲ್ 12ರಂದು ತನ್ನ ನೌಕೆಯಲ್ಲೇ ಕೂತು ನೆಲಕ್ಕಿಳಿದನೇ? ಇಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಹೊರಚಿಮ್ಮಿ ಪ್ಯಾರಾಚೂಟ್ ಹಿಡಿದು ಬೇರೆಯಾಗಿ ಇಳಿದ. ಇಂಥವು ಆಟಕ್ಕೆ ಬಿಸಿ ಏರಿಸುತ್ತವೆ. ಆದರೆ ಬರೀ ಇವನ್ನೇ ಬಾಯಿಪಾಠ ಮಾಡಿಸುತ್ತ ಮಕ್ಕಳನ್ನು ಸ್ಪರ್ಧೆಯಿಂದ ಸ್ಪರ್ಧೆಗೆ ಕರೆದೊಯ್ಯುವ ತಂದೆತಾಯಂದಿರು ಮಾಡುವುದು ಅರ್ಧ ಕೆಲಸ. ಉಳಿದ ಅರ್ಧ ಎಲ್ಲಿದೆ ಎಂಬುದಕ್ಕೆ ಒಂದು ರಾತ್ರಿಯ ಆಟವನ್ನು ಕೇಳಿ.

ಡಿಸೆಂಬರ್ 14ರ ಹಿಂದುಮುಂದಿನ ರಾತ್ರಿ. ಧಾರವಾಡದ ಕಡೆಯ ಒಂದು ಸಣ್ಣ ಊರು. ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಸುರಿಯುವ ಕಾಲವೆಂದು ಏಳೆಂಟು ಜನ ಶಾಲೆಯ ಮಾಳಿಗೆಯ ಮೇಲೆ ಸೇರಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ರೇಡಿಯೊ ರಿಪೇರಿ ಅಂಗಡಿಯವರು, ಹೈಸ್ಕೂಲಿನ ಇಬ್ಬರು ಹುಡುಗಿಯರು, ಒಂಬತ್ತನೇ ತರಗತಿಯ ಒಬ್ಬ ಹುಡುಗ. ಹುಡುಗನನ್ನು ಕರೆತಂದ ಅವನ ಅಪ್ಪ ರೈತರು. ಅವರು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹತ್ತು ಗಂಟೆಗೆ ಮೋಡ ಮುಚ್ಚಿತು. ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿದರು, ಕಂದೀಲು ನಡುವೆ ಇಟ್ಟರು, ಆಟ ಶುರುವಾಯಿತು.

ಮೊದಲ ಪ್ರಶ್ನೆ ಆ ರಾತ್ರಿಯದೇ: ಉಲ್ಕಾವರ್ಷಗಳು ಸಾಮಾನ್ಯವಾಗಿ ಧೂಮಕೇತುಗಳು ಬಿಟ್ಟುಹೋದ ದೂಳಿನಿಂದ ಆಗುತ್ತವೆ, ಮಿಥುನದ ಈ ಉಲ್ಕೆಗಳು? ಒಬ್ಬಳು ಹುಡುಗಿ ಹೇಳಿದಳು, ಇವುಗಳ ಮೂಲ ಫೇಥಾನ್ ಎಂಬ ಐದಾರು ಕಿಲೋಮೀಟರ್ ಗಾತ್ರದ ಕ್ಷುದ್ರಗ್ರಹ, 1983ರಲ್ಲಿ ಸಿಕ್ಕಿದ್ದು ಎಂದು. ಮುಂದಿನ ಪ್ರಶ್ನೆ ಅವಳದು. ಅವಳು ಕೇಳಿದ್ದು ಹಳೆಯ ಪ್ರಶ್ನೆ: "ಯಾವ ಗ್ರಹದ ದಿನ ಅದರ ವರ್ಷಕ್ಕಿಂತ ಉದ್ದ?"

ಎಲ್ಲರೂ ಶುಕ್ರ ಎಂದರು. ಹುಡುಗ ಮಾತ್ರ ಮುಖ ಆಚೆ ತಿರುಗಿಸಿದ. ಅಪ್ಪನೇ ಹೇಳಬೇಕಾಯಿತು: "ಇದ ಪ್ರಶ್ನಾಕ್ಕ ನೋಡ್ರಿ ಹೋದ ವರ್ಷ ಸ್ಪರ್ಧಾದಾಗ ಸೋತು ಬಂದಾನ. ಆಮ್ಯಾಲೆ ಆ ಪುಸ್ತಕ ಮುಟ್ಟಿಲ್ರಿ ಇಂವ."

"ಏನ ಅಂದಿದ್ದೆಪಾ?" ಎಂದು ಬ್ಯಾಂಕಿನವರು ಕೇಳಿದರು.

"ಬುಧ ಅಂದಿದ್ದೆ ಸರ್. ತಪ್ಪು ಅಂದ್ರು."

"ಯಾಕ ಬುಧ?"

"ಎಲ್ಲೋ ಓದಿದ್ದೆ. ಯಾಕಂತ ಗೊತ್ತಿಲ್ಲ."

ಬ್ಯಾಂಕಿನವರು ಎದ್ದು ಹುಡುಗನನ್ನು ಕಂದೀಲಿನ ಪಕ್ಕ ನಿಲ್ಲಿಸಿದರು. ಕಂದೀಲು ಸೂರ್ಯ, ಹುಡುಗ ಬುಧ. ದೂರದಲ್ಲಿ ಊರ ನೀರಿನ ಟ್ಯಾಂಕಿನ ಮೇಲೆ ಒಂದು ದೀಪವಿತ್ತು; ಅದು ಬಹು ದೂರದ ನಕ್ಷತ್ರ. ಬುಧ ಸೂರ್ಯನನ್ನು ಒಂದು ಸುತ್ತು ಬರಲು 88 ದಿನ, ತನ್ನ ಸುತ್ತ ತಾನು ತಿರುಗಲು 59 ದಿನ. ಅಂದರೆ ಕಂದೀಲಿಗೆ ಎರಡು ಪ್ರದಕ್ಷಿಣೆ ಹಾಕುವಷ್ಟರಲ್ಲಿ ಹುಡುಗ ತನ್ನ ಸುತ್ತ ಮೂರು ಬಾರಿ ತಿರುಗಬೇಕು, ಪ್ರದಕ್ಷಿಣೆಯ ದಿಕ್ಕಿನಲ್ಲೇ. ಮೊದಲು ಮೂಗು ಕಂದೀಲಿಗೂ ಅದರ ಹಿಂದಿನ ಟ್ಯಾಂಕಿಗೂ ನೇರವಾಗಿತ್ತು. ಮೂಗಿನ ಮೇಲೆ ಈಗ ನಡುಮಧ್ಯಾಹ್ನ.

ಹುಡುಗ ನಿಧಾನವಾಗಿ ತಿರುಗುತ್ತ ನಡೆದ. ಒಂದು ಪ್ರದಕ್ಷಿಣೆ ಮುಗಿಸಿ ಮೊದಲಿನ ಜಾಗಕ್ಕೆ ಬಂದಾಗ ಒಂದೂವರೆ ಸುತ್ತು ತಿರುಗಿದ್ದ. ಬೆನ್ನು ಕಂದೀಲಿಗೆ, ಮೂಗು ಕತ್ತಲಿಗೆ. ಒಂದು ವರ್ಷ ಕಳೆಯಿತು, ಮೂಗಿನ ಮೇಲೆ ಈಗಷ್ಟೇ ನಡುರಾತ್ರಿ! ಇನ್ನೊಂದು ಪ್ರದಕ್ಷಿಣೆ ಹಾಕಿದ ಮೇಲೆ ಮತ್ತೆ ಮಧ್ಯಾಹ್ನ. ಟ್ಯಾಂಕಿನ ದೀಪವನ್ನು ನೋಡಿ ಎಣಿಸಿದರೆ ಮೂರು ಸುತ್ತು. ಕಂದೀಲನ್ನು ನೋಡಿ ಎಣಿಸಿದರೆ ಒಂದೇ ದಿನ, 176 ಭೂದಿನಗಳಷ್ಟು ಉದ್ದ. ಸರಿಯಾಗಿ ಎರಡು ಬುಧವರ್ಷ.

ಹಾಗಾದರೆ ಶುಕ್ರ ತಪ್ಪೇ? ತಪ್ಪಲ್ಲ. ಶುಕ್ರ ತನ್ನ ಸುತ್ತ ತಿರುಗಲು 243 ದಿನ, ಸೂರ್ಯನನ್ನು ಸುತ್ತಲು 225 ದಿನ. ನಕ್ಷತ್ರದ ಲೆಕ್ಕದಲ್ಲಿ ಶುಕ್ರನ ದಿನ ವರ್ಷಕ್ಕಿಂತ ಉದ್ದವೇ. ಆದರೆ ಅದು ತಿರುಗುವುದು ಉಲ್ಟಾ ದಿಕ್ಕಿಗೆ. ಹಾಗಾಗಿ ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ 117 ದಿನ ಸಾಕು, ವರ್ಷದ ಅರ್ಧದಷ್ಟು. ದಿನ ಎಂದರೆ ನಕ್ಷತ್ರದ ದಿನವಾದರೆ ಶುಕ್ರ, ಸೂರ್ಯನ ದಿನವಾದರೆ ಬುಧ. ಪ್ರಶ್ನೆಯಲ್ಲೇ ಒಂದು ಮಾತು ಕಡಿಮೆಯಿತ್ತು. ಅಂದ ಹಾಗೆ, 1965ರವರೆಗೆ ಬುಧ ಸೂರ್ಯನಿಗೆ ಸದಾ ಒಂದೇ ಮುಖ ತೋರಿಸುತ್ತದೆ ಎಂದೇ ಪುಸ್ತಕಗಳು ಹೇಳುತ್ತಿದ್ದವು. ಆ ವರ್ಷ ಅರೆಸಿಬೊದ ದೈತ್ಯ ರೇಡಾರ್ ಅದನ್ನು ಸುಳ್ಳು ಮಾಡಿತು.

ಹುಡುಗ ಏನೂ ಹೇಳಲಿಲ್ಲ. ಹೋಗಿ ಕೂರಲೂ ಇಲ್ಲ. ಕಂದೀಲಿನ ಸುತ್ತ ಶುಕ್ರನಾಗಿ ಹಿಂದುಮುಂದಾಗಿ ತಿರುಗಿ ನೋಡುತ್ತಲೇ ಇದ್ದ. ತಲೆ ಸುತ್ತಿ ರೇಡಿಯೊ ಅಂಗಡಿಯವರ ಮೇಲೆ ಬಿದ್ದಾಗ ಎಲ್ಲರೂ ನಕ್ಕರು.

ಮುಂದಿನ ಪ್ರಶ್ನೆ ಇನ್ನೊಬ್ಬಳು ಹುಡುಗಿಯದು. "ಭಾರತದ ನೆಲದಿಂದ, ಭಾರತದ್ದೇ ರಾಕೆಟ್ಟಿನಲ್ಲಿ ಹಾರಿ ಕಕ್ಷೆ ಸೇರಿದ ಮೊದಲ ಉಪಗ್ರಹ ಯಾವುದು? 1980ರ ಜುಲೈ 18, ಶ್ರೀಹರಿಕೋಟಾ." ಯಾರಿಗೂ ತಕ್ಷಣ ನೆನಪಾಗಲಿಲ್ಲ. ಅವಳು ಸುಳಿವು ಕೊಟ್ಟಳು: "35 ಕಿಲೋ ತೂಕ. ಅದೇ ಹೆಸರಿನ ಒಂದು ಮಳಿನೂ ಐತಿ."

"ರೋಹಿಣಿ!" ಮೂಲೆಯಿಂದ ಉತ್ತರ ಬಂತು. ಹೇಳಿದ್ದು ಹುಡುಗನ ಅಪ್ಪ.

ಉತ್ತರ ಸರಿ. ನಿಯಮದಂತೆ ಮುಂದಿನ ಪ್ರಶ್ನೆ ಅವರದು. "ನಾ ಏನ್ ಕೇಳ್ಲ್ರಿ" ಎಂದು ಅವರು ಮೊದಲು ಹಿಂಜರಿದರು. "ಕೇಳ್ರಿ ಕಾಕಾ" ಎಂದು ಹುಡುಗಿಯರು ಹಟ ಹಿಡಿದರು. ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ರೋಹಿಣಿ ಮಳಿ, ರೋಹಿಣಿ ಮಳಿ ಅಂತೀವಿ. ಬಿತ್ತಿಗಿ ದಿನದಾಗ ರಾತ್ರಿ ಹೊಲಕ್ಕ ಹೋಗೀನಿ. ಮೋಡ ಇಲ್ಲದ ದಿನಾನೂ ಮ್ಯಾಲೆ ನೋಡೀನಿ. ಆವಾಗ ಆ ರೋಹಿಣಿ ಚುಕ್ಕಿ ಎಲ್ಲಿರ್ತೈತ್ರಿ?"

"ಉತ್ತರ ನಿಮಗ ಗೊತ್ತೈತೇನ್ರಿ?" ಎಂದು ಬ್ಯಾಂಕಿನವರು ನಿಯಮ ನೆನಪಿಸಿದರು.

"ಗೊತ್ತಿದ್ರ ಯಾಕ ಕೇಳ್ತಿದ್ದೆ?"

ನಿಯಮದ ಪ್ರಕಾರ ಪ್ರಶ್ನೆ ರದ್ದಾಗಬೇಕಿತ್ತು. ಆದರೆ ರದ್ದು ಮಾಡುವ ಮನಸ್ಸು ಯಾರಿಗೂ ಬರಲಿಲ್ಲ, ಯಾಕೆಂದರೆ ಉತ್ತರವೂ ಯಾರಿಗೂ ಹೊಳೆಯಲಿಲ್ಲ. ಕ್ಷುದ್ರಗ್ರಹದ ಹೆಸರು, ರಾಕೆಟ್ಟಿನ ತಾರೀಕು ನಾಲಿಗೆ ತುದಿಯಲ್ಲಿದ್ದವರು ಓಣಿಯೆಲ್ಲ ಜೋಳ ತರುತ್ತದೆ ಎನ್ನುವ ಮಳೆಯ ಮುಂದೆ ಸುಮ್ಮನೆ ಕೂತರು.

ಎದ್ದದ್ದು ಹುಡುಗ. ಕಂದೀಲು ಸೂರ್ಯ, ಟ್ಯಾಂಕಿನ ದೀಪ ರೋಹಿಣಿ, ತಾನು ಈಗ ಭೂಮಿ. ಟ್ಯಾಂಕಿಗೂ ತನಗೂ ನಡುವೆ ಕಂದೀಲು ಬರುವಂತೆ ನಿಂತ. "ಅಪ್ಪಾ, ರೋಹಿಣಿ ಕಡೆ ಮಾರಿ ಮಾಡಿದ್ರ ಸೂರ್ಯನೂ ಅಲ್ಲೇ ಅದಾನ. ಅಂದ್ರ ಹಗಲ. ರಾತ್ರಿ ಅಂದ್ರ ಈ ಕಡೆ ಮಾರಿ. ಇಲ್ಲಿ ರೋಹಿಣಿ ಇಲ್ಲ."

ಮಳೆ ನಕ್ಷತ್ರದ ಗುಟ್ಟು ಅಷ್ಟೇ. ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿರುವಂತೆ ಕಾಣುತ್ತಾನೋ ಆ ಹದಿಮೂರು ಹದಿನಾಲ್ಕು ದಿನದ ಮಳೆಗೆ ಆ ನಕ್ಷತ್ರದ ಹೆಸರು. 27 ನಕ್ಷತ್ರ, 365 ದಿನ, ಭಾಗಿಸಿ ನೋಡಿ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬರುತ್ತಾನೆ, ಜೂನ್ ಮೊದಲ ವಾರ ಕಳೆಯುವವರೆಗೆ ಇರುತ್ತಾನೆ. ಅಷ್ಟು ದಿನವೂ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ. ಹಗಲ ಬೆಳಕಿನಲ್ಲಿ ಅದನ್ನು ಕಾಣುವುದು ಹೇಗೆ? ಹೊಲದಲ್ಲಿ ನಿಂತು ರಾತ್ರಿಯಿಡೀ ಹುಡುಕಿದರೂ ಸಿಗದು. ಹಾಗಾದರೆ ರೋಹಿಣಿ ಮಳೆ ಎಂದು ಹೆಸರಿಟ್ಟವರು ಕಾಣದ ನಕ್ಷತ್ರದ ಜಾಗವನ್ನು ಲೆಕ್ಕದಿಂದಲೇ ತಿಳಿದಿದ್ದರು ಎಂದಾಯಿತು. ಮಳೆ ಬರುವುದೂ ಬಿಡುವುದೂ ಆ ನಕ್ಷತ್ರದ ಕೈಲಿಲ್ಲ, ಅದು ಬೇರೆ ಮಾತು.

ಅಪ್ಪ ಎದ್ದು ಕಂದೀಲಿನ ಬಳಿ ಬಂದರು. "ಹಂಗಾರ ಈಗ?"

ಹುಡುಗ ಅರ್ಧ ಪ್ರದಕ್ಷಿಣೆ ಹಾಕಿದ. ಆರು ತಿಂಗಳು. ಈಗ ಕಂದೀಲಿಗೆ ಬೆನ್ನು ಕೊಟ್ಟರೆ ಎದುರಿಗೇ ಟ್ಯಾಂಕಿನ ದೀಪ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತವೆ; ತಿಂಗಳಿಗೆ ಎರಡು ತಾಸು, ಆರು ತಿಂಗಳಿಗೆ ಹನ್ನೆರಡು ತಾಸು. ಜೂನ್‌ನ ನಡುಹಗಲಲ್ಲಿ ನೆತ್ತಿಯ ಮೇಲಿದ್ದದ್ದು ಡಿಸೆಂಬರ್‌ನ ನಡುರಾತ್ರಿ ನೆತ್ತಿಯ ಮೇಲೆ. ಹುಡುಗ ಮೋಡದ ಕಡೆ ನೇರ ಮೇಲಕ್ಕೆ ಬೆರಳು ತೋರಿಸಿದ: "ಇಲ್ಲೇ ಇರಬೇಕು."

ಆಗ ಹನ್ನೊಂದು ಗಂಟೆ. ಅರ್ಧ ತಾಸು ಯಾರೂ ಹೊಸ ಪ್ರಶ್ನೆ ಕೇಳಲಿಲ್ಲ, ಕತ್ತು ಮೇಲೆತ್ತಿ ಕೂತರು. ಹನ್ನೊಂದೂವರೆಯ ಹೊತ್ತಿಗೆ ಮೋಡ ಒಂದೆಡೆ ಹರಿಯಿತು. ಹರಿದ ಜಾಗದಲ್ಲಿ ಕೃತ್ತಿಕೆಯ ಗೊಂಚಲು, ಅದರ ಪೂರ್ವಕ್ಕೆ ಕೆಂಪು ಬೆರೆತ ಒಂದು ದಪ್ಪ ಚುಕ್ಕಿ. ಧಾರವಾಡದ ಅಕ್ಷಾಂಶಕ್ಕೆ ರೋಹಿಣಿ ಹೆಚ್ಚುಕಡಿಮೆ ಸರಿಯಾಗಿ ನೆತ್ತಿಯ ಮೇಲೇ ಹಾದುಹೋಗುತ್ತದೆ. ಸುಮಾರು 65 ಜ್ಯೋತಿರ್ವರ್ಷ ದೂರ. ಈಗ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟದ್ದು ಹೆಚ್ಚುಕಡಿಮೆ ಗಗಾರಿನ್ ಹಾರಿದ ಕಾಲದಲ್ಲಿ. ಅಪ್ಪ ಟೊಪ್ಪಿಗೆ ತೆಗೆದು ಬಹಳ ಹೊತ್ತು ನೋಡಿದರು. ಅಂಕ ಬರೆಯುವ ಪುಸ್ತಕ ಎಲ್ಲಿಟ್ಟಿದ್ದೆವೆಂದು ಯಾರಿಗೂ ನೆನಪಿರಲಿಲ್ಲ.

ಉತ್ತರ ಹೇಳಿದವನು ಹುಡುಗ, ಆದ್ದರಿಂದ ಪ್ರಶ್ನೆಯ ಸರದಿ ಅವನದು. ಅವನು ಕೇಳಿದ್ದನ್ನು ಓದುಗರೂ ತಂದೆತಾಯಿಗಳ ಜೊತೆ ಕೂತು ಆಡಬಹುದು; ಮನೆಯಲ್ಲಿ ಅಜ್ಜ ಅಜ್ಜಿಯಿದ್ದರೆ ಇನ್ನೂ ಒಳ್ಳೆಯದು: ಆರಿದ್ರಾ ಮಳೆ ಹೂಡುವುದು ಜೂನ್ 22ರ ಸುಮಾರಿಗೆ. ಹಾಗಾದರೆ ಆರಿದ್ರಾ ನಕ್ಷತ್ರವನ್ನು ನಡುರಾತ್ರಿ ತಲೆಯ ಮೇಲೆ ಕಾಣಬೇಕಾದರೆ ಯಾವ ತಿಂಗಳಲ್ಲಿ ಮಾಳಿಗೆ ಹತ್ತಬೇಕು?