ವದಂತಿ ವಿವೇಕವಲ್ಲ, ಬೈಗುಳ ಮದ್ದಲ್ಲ

ತರ್ಕವೊಂದೇ ಸಾಕು, ಭಾವನೆ ದೌರ್ಬಲ್ಯ ಎನ್ನುವವರು ನಮ್ಮ ನಡುವೆ ಇದ್ದಾರೆ. ಮನಸ್ಸಿಗೆ ತೋಚಿದ್ದೇ ಸತ್ಯ, ವಿಚಾರಣೆ ಅನಗತ್ಯ ಎನ್ನುವವರೂ ಇದ್ದಾರೆ. ಈ ಇಬ್ಬರ ಹಟಕ್ಕೆ ಬೆಲೆ ತೆರುವವರು ಮಕ್ಕಳು. ಪೋಲಿಯೊ ಹನಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

2002ರಲ್ಲಿ ದೇಶದ 1,600 ಮಂದಿ ಪೋಲಿಯೊ ಪೀಡಿತರಾದರು. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಉತ್ತರ ಪ್ರದೇಶದವರು. ಪಶ್ಚಿಮ ಭಾಗದ ಮುಸ್ಲಿಮ್ ಮೊಹಲ್ಲಾಗಳು ತೀವ್ರವಾಗಿ ನಲುಗಿದವು. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ವದಂತಿಯನ್ನು ನಂಬಿ ಹಲವರು ಬಾಗಿಲು ಮುಚ್ಚಿದ್ದರು. ವದಂತಿ ಶುದ್ಧ ಸುಳ್ಳು. ಆದರೆ ಅದರ ಹಿಂದಿನ ಭಯಕ್ಕೆ ಬೇರುಗಳಿದ್ದವು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ನಡೆದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳನ್ನು ಜನರು ಮರೆತಿರಲಿಲ್ಲ. ಚರಂಡಿ, ಶುದ್ಧ ನೀರು, ಆಸ್ಪತ್ರೆ ಒದಗಿಸದ ಸರಕಾರವು ಹನಿಯನ್ನು ಮಾತ್ರ ಮತ್ತೆ ಮತ್ತೆ ಮನೆಬಾಗಿಲಿಗೆ ತರುವುದೇಕೆಂಬ ಅವರ ಸಂಶಯವೂ ಅಸಹಜವಲ್ಲ.

ಇಂಥವರನ್ನು ಅಜ್ಞಾನಿಗಳೆಂದು ಜರೆದವರ ಅಂಕಿಅಂಶಗಳು ಯಾರ ಬಾಗಿಲನ್ನೂ ತೆರೆಯಿಸಲಿಲ್ಲ. ಅದೇ ಬೀದಿಯ ಮಹಿಳೆಯರು ಮನೆಮನೆಗೆ ಹೋಗಿ ಮಾತನಾಡಿದರು. ಇಮಾಮರು ಮಸೀದಿಗಳಿಂದ ಕರೆ ನೀಡಿದರು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕೈಜೋಡಿಸಿದವು. ಹೆಚ್ಚು ಪರಿಣಾಮಕಾರಿ ಲಸಿಕೆಯೂ ಬಂತು. ಬಾಗಿಲುಗಳು ತೆರೆದವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಬಾಲೆಯಲ್ಲಿ ಕಂಡುಬಂದದ್ದೇ ದೇಶದ ಕೊನೆಯ ನೈಸರ್ಗಿಕ ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತ ಸೇರಿದ ತನ್ನ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ಘೋಷಿಸಿತು.

ಈ ಪಾಠ ನಮ್ಮ ಕೆಲವರಿಗೆ ಬೇಗ ಮರೆತುಹೋಯಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ಅಂಥದೇ ವದಂತಿಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಕಳುಹಿಸಿದವರು ಯಾರು, ಆಧಾರವೇನು ಎಂದು ಕೇಳದೆ ಅವನ್ನು ಮುಂದಕ್ಕೆ ದಾಟಿಸಿದವರಲ್ಲಿ ಪದವೀಧರರಿರಲಿಲ್ಲವೇ? ಸಮುದಾಯದ ಮೇಲಿನ ಕಾಳಜಿಯ ಹೆಸರಿನಲ್ಲಿ ಸಮುದಾಯದ ಮಕ್ಕಳನ್ನೇ ರೋಗಕ್ಕೊಪ್ಪಿಸುವುದು ಯಾವ ಕಾಳಜಿ?

ತಂದೆತಾಯಿಯ ಭಯ ಮಮತೆಯಿಂದ ಹುಟ್ಟಿದ್ದು. ಅದನ್ನು ಗೌರವಿಸಲೇಬೇಕು. ಆದರೆ ಆ ಭಯ ವೈದ್ಯರ ಮುಂದೆ ಪ್ರಶ್ನೆಯಾಗಿ ನಿಲ್ಲಬೇಕು, ಮುಚ್ಚಿದ ಬಾಗಿಲಾಗಬಾರದು. ಉತ್ತರಿಸುವವರೂ ಹೀಗಳೆಯದೆ ಉತ್ತರಿಸಲಿ. ಮುಂದಿನ ಲಸಿಕಾ ಅಭಿಯಾನ ಬರುವ ಮೊದಲೇ ನಮ್ಮ ಜಮಾಅತ್‌ಗಳು ವೈದ್ಯರೊಬ್ಬರನ್ನು ಮಸೀದಿಗೆ ಕರೆಸಿ, ತಾಯಂದಿರಿಗೂ ಪ್ರಶ್ನೆ ಕೇಳುವ ಅವಕಾಶ ಕಲ್ಪಿಸಲೆಂದು ನಾವು ಆಗ್ರಹಿಸುತ್ತೇವೆ.