ಹಳೆಯ ಕಾರು, ಹರೆಯದ ಚಾಲಕ

ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯಲ್ಲಿ ನಿವೃತ್ತಿ ಹೊಂದಿದುವು. ತಾಡದೇವದ ಸಾರಿಗೆ ಕಚೇರಿಯಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕಟ್ಟಕಡೆಯ ಗಾಡಿಗೂ ಟ್ಯಾಕ್ಸಿಗಳಿಗೆ ಗೊತ್ತುಪಡಿಸಿದ 20 ವರ್ಷಗಳ ಅವಧಿ ಅಂದಿಗೆ ಮುಗಿದಿತ್ತು. ಹೋಟೆಲಿನ ಬಾಗಿಲು ಹಾಕಿದ ಮೇಲೆ ಅಪರಾತ್ರಿಯಲ್ಲಿ ಗಂಟುಮೂಟೆ ಹೇರಿಕೊಂಡು ಊರಿನ ದಾರಿ ಹಿಡಿದ ನಮ್ಮವರನೇಕರನ್ನು ಹೊತ್ತು ಸಾಗಿಸಿದ ಗಾಡಿ ಅದು. ಖಾಸಗಿ ಒಡೆತನದ ಪದ್ಮಿನಿಗಳು ಮಾತ್ರ ಅಲ್ಲಲ್ಲಿ ಇನ್ನೂ ಉಳಿದಿವೆ. ಅಂಥದೊಂದನ್ನು ಕೊಂಡು, ದುರಸ್ತಿ ಮಾಡಿಸಿ, ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಮೊದಲ ವಾಹನವೆಂದು ಕೊಡುವ ಹಂಬಲ ಕೆಲವು ತಂದೆಯರಲ್ಲಿದೆ. ಹಂಬಲ ಸಹಜವೇ. ಆದರೆ ಅದನ್ನು ಖರ್ಚು, ಕಾನೂನು, ಪ್ರಾಣರಕ್ಷಣೆ ಈ ಮೂರು ದೃಷ್ಟಿಗಳಿಂದಲೂ ಪರಿಶೀಲಿಸುವುದು ಅಗತ್ಯ.

ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯ ಕುರ್ಲಾ ಕಾರಖಾನೆಯಿಂದ ಹೊರಬಂದ ಈ ಗಾಡಿ ಮೂಲತಃ ಇಟಲಿಯ ಫಿಯೆಟ್ 1100. ಪದ್ಮಿನಿ ಎಂಬ ಹೆಸರು ಬಂದುದು 1974ರಲ್ಲಿ. ಅದರ 1089 ಸಿ.ಸಿ. ಎಂಜಿನು ಸರಳವಾದುದು. ಕಾರ್ಬುರೇಟರು, ಪ್ಲಗ್ಗು, ಫ್ಯಾನ್ ಬೆಲ್ಟು ಎಲ್ಲವೂ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇವೆ. ಯಂತ್ರವೊಂದು ಹೇಗೆ ನಡೆಯುತ್ತದೆ, ಯಾವುದು ಸವೆದರೆ ಏನು ಕೆಡುತ್ತದೆ ಎಂಬುದನ್ನು ಕಲಿಯಲು ತರುಣನಿಗೆ ಇದಕ್ಕಿಂತ ಉತ್ತಮವಾದ ಪಾಠಶಾಲೆ ವಿರಳ. ಈ ಅಂಶವನ್ನು ನಾವು ನಿಸ್ಸಂಕೋಚವಾಗಿ ಒಪ್ಪುತ್ತೇವೆ.

ಇನ್ನು ಖರ್ಚಿನ ಮಾತು. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯುಷ್ಯ. ಬಳಿಕ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ, ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಿಂದೆ 600 ರೂಪಾಯಿಯಿದ್ದ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರವು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿಗೆ ಮುಟ್ಟಿಸಲಾಯಿತು. ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳೇ ಸಂದಿರುವುದರಿಂದ ಈ ದೊಡ್ಡ ಶುಲ್ಕದಿಂದ ಅದಕ್ಕೆ ಬಿಡುಗಡೆಯಿಲ್ಲ. ಮಹಾರಾಷ್ಟ್ರದಲ್ಲಿ ಹಸಿರು ತೆರಿಗೆಯೂ ಉಂಟು. ಆದುದರಿಂದ ಗಾಡಿಯ ಬೆಲೆ ಅಗ್ಗವೆಂದು ಹಿಗ್ಗುವವರು ಮೊದಲು ಕಾಗದಪತ್ರಗಳನ್ನು ನೋಡತಕ್ಕದ್ದು. ನೋಂದಣಿ ಸತ್ತ ಗಾಡಿ ಎಷ್ಟು ಅಗ್ಗವಾಗಿ ದೊರೆತರೂ ದುಬಾರಿಯೇ.

50 ವರ್ಷ ಮೀರಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸುವ ಸೌಲಭ್ಯವು 2021ರಿಂದ ಇದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾಲೇಜಿಗೆ ಹೋಗುವ ಮಕ್ಕಳಿಗೆ ಅದರಿಂದ ಉಪಯೋಗವಿಲ್ಲ. ದಿಲ್ಲಿಯ ಕನ್ನಡಿಗರಿಗಂತೂ ಈ ಬಾಗಿಲೇ ಮುಚ್ಚಿದೆ. ಅಲ್ಲಿ 15 ವರ್ಷ ಮೀರಿದ ಪೆಟ್ರೋಲು ಗಾಡಿಗಳ ಮೇಲೆ ಹಸಿರು ನ್ಯಾಯಮಂಡಲಿ 2015ರಲ್ಲಿ ವಿಧಿಸಿದ ನಿಷೇಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಮುಂಬಯಿಯಲ್ಲಿ ಕೊಂಡ ಗಾಡಿಯನ್ನು ಊರಿನಲ್ಲಿ ಇಟ್ಟುಕೊಳ್ಳುವೆನೆಂಬವರೂ ಎಚ್ಚರದಿಂದಿರಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು; ಅದಕ್ಕೆ ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರವೂ ಹೊಸ ರಾಜ್ಯದ ತೆರಿಗೆಯೂ ಬೇಕು.

ಎಲ್ಲಕ್ಕಿಂತ ಮಿಗಿಲಾದುದು ಪ್ರಾಣದ ಪ್ರಶ್ನೆ. ಪದ್ಮಿನಿಗೆ ಡ್ರಮ್ ಬ್ರೇಕುಗಳು, ಗಾಳಿಚೀಲವಿಲ್ಲ, ಹಳೆಯ ಗಾಡಿಗಳಲ್ಲಿ ಸೀಟ್ ಬೆಲ್ಟೂ ಇಲ್ಲ. ಇಂದಿನ ಕಾರಿನಂತೆ ಅದು ಥಟ್ಟನೆ ನಿಲ್ಲಲಾರದು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲು ಬೆರೆತಿರುವುದರಿಂದ ಹಳೆಯ ರಬ್ಬರು ನಳಿಗೆಗಳು ಬೇಗ ಹಾಳಾಗುವ ಸಂಭವವುಂಟು. ಅವು ಸೋರಿದರೆ ಬೆಂಕಿಯ ಭಯ. ಆದುದರಿಂದ ಕೈಯಲ್ಲಿರುವ ಹಣವು ಮೊದಲು ಬ್ರೇಕು, ಟೈರು, ಸ್ಟಿಯರಿಂಗು, ಇಂಧನದ ನಳಿಗೆ, ಬೆಲ್ಟುಗಳಿಗೆ ಸಲ್ಲಬೇಕು. ಬಣ್ಣ ಮತ್ತು ಹೊಳಪು ಕೊನೆಗೆ. ನಮ್ಮ ಜನರಲ್ಲಿ ಈ ಕ್ರಮ ಹೆಚ್ಚಾಗಿ ತಲೆಕೆಳಗಾಗಿರುತ್ತದೆ ಎಂದು ಹೇಳದೆ ವಿಧಿಯಿಲ್ಲ.

ಕಾರು ನಡೆಸಲು 18 ವರ್ಷ ತುಂಬಿರಬೇಕೆಂಬ ನಿಯಮವನ್ನು ಕೆಲವರು ಸಲೀಸಾಗಿ ಮರೆಯುತ್ತಾರೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕನು ಗಾಡಿ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ 3 ವರ್ಷಗಳವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ಪುಣೆಯ ಕಲ್ಯಾಣಿನಗರದಲ್ಲಿ 2024ರ ಮೇ 19ರಂದು 17 ವರ್ಷದ ಹುಡುಗನಿದ್ದ ಭಾರೀ ಬೆಲೆಯ ಕಾರು ಬಡಿದು ಇಬ್ಬರು ತರುಣ ಎಂಜಿನಿಯರರು ಅಸುನೀಗಿದುದನ್ನು ದೇಶವೇ ಕಂಡಿದೆ. ಕಾರು ಹೊಸದಿರಲಿ ಹಳೆಯದಿರಲಿ, ಪಕ್ವವಾಗದ ಕೈಗೆ ಅದನ್ನು ಕೊಟ್ಟ ಹಿರಿಯರ ಹೊಣೆ ಒಂದೇ.

ಸರಕಾರಕ್ಕೂ ಒಂದು ಮಾತು ಹೇಳಬೇಕಾಗಿದೆ. ಗಾಡಿಯ ವಯಸ್ಸನ್ನೇ ನೋಡಿ ಶುಲ್ಕ ಏರಿಸಿದರೆ ಸಿರಿವಂತನು ಸಲೀಸಾಗಿ ತೆತ್ತು ತನ್ನ ಷೋಕಿಯನ್ನು ಉಳಿಸಿಕೊಳ್ಳುತ್ತಾನೆ. ಒಂದೇ ಗಾಡಿಯನ್ನು ಜತನದಿಂದ ಕಾಪಾಡಿಕೊಂಡ ಗುಮಾಸ್ತನು ಅದನ್ನು ಗುಜರಿಗೆ ಕೊಡುತ್ತಾನೆ. ಹೊಗೆ ಮತ್ತು ಬ್ರೇಕುಗಳ ಪರೀಕ್ಷೆ ಎಷ್ಟು ಕಠಿಣವಾದರೂ ಆಗಲಿ, ಅದರಲ್ಲಿ ತೇರ್ಗಡೆಯಾದ ಗಾಡಿಗೆ ವಯಸ್ಸಿನ ದಂಡ ಬೇಡವೆಂಬುದು ನಮ್ಮ ಅಭಿಪ್ರಾಯ.

ತಂದೆತಾಯಿಯರಿಗೆ ನಮ್ಮ ಸೂಚನೆ ಇಷ್ಟೇ. ಹದಿನಾರರ ಹುಡುಗನ ಕೈಗೆ ಪಾನಾ ಕೊಡಬಹುದು, ಸ್ಟಿಯರಿಂಗು ಕೊಡಲಾಗದು. ರಜೆಯ ದಿನಗಳಲ್ಲಿ ಅವನು ಬಲ್ಲ ಮೇಸ್ತ್ರಿಯ ಬಳಿ ನಿಂತು ಬ್ರೇಕು ಬಿಚ್ಚಿ ಕಟ್ಟುವುದನ್ನು ಕಲಿಯಲಿ, ಹದಿನೆಂಟು ತುಂಬಿದ ಮೇಲೆ ಪರವಾನಗಿ ಪಡೆಯಲಿ, ಆಮೇಲೆ ಕೀಲಿಕೈ. ಬ್ರೇಕಿನ ಬೆಲೆಯನ್ನು ತನ್ನ ಕೈಯಿಂದಲೇ ಅರಿತವನು ಅದನ್ನು ಒತ್ತಬೇಕಾದ ಕ್ಷಣದಲ್ಲಿ ಮರೆಯುವ ಸಂಭವ ಕಡಿಮೆ.